ಬ್ಯಾಗ್ ಕೊನೆಗೆ ಕೊಳ್ಳಿ: ದೂರದ ಚಾರಣಕ್ಕೆ ಸಾಮಾನು ಹೊಂದಿಸುವ ಟಿಪ್ಪಣಿ

ಹನುಮಂತನಗರದಲ್ಲಿ ನಮ್ಮ ರಸ್ತೆ ತುದಿಗೆ ಒಂದು ಹಳೇ ಪೇಪರ್ ಅಂಗಡಿ ಇದೆ. ಹಿಮಾಚಲದಲ್ಲಿ ಐದು ದಿನ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯುವ ಮೊದಲ ಚಾರಣಕ್ಕೆ ಹೊರಡುವ ವಾರ, ತುಂಬಿದ ಬ್ಯಾಗನ್ನು ಅಲ್ಲಿನ ತಕ್ಕಡಿ ಮೇಲೆ ಇಟ್ಟೆ. 17.4 ಕೆಜಿ. ಅಂಗಡಿಯವರು ಬ್ಯಾಗ್ ನೋಡಿ, ನನ್ನ ನೋಡಿ, "ಏನ್ ಸಾರ್, ಇದನ್ನೂ ಪೇಪರ್ ರೇಟಿಗೇ ಹಾಕ್ಲಾ?" ಅಂದರು. ನನ್ನ ತೂಕ 62 ಕೆಜಿ.

ಆ ವಾರ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಈ ವರ್ಷ ಹೊರಡುತ್ತಿರುವವರು ಅಂಗಡಿಗೆ ಹೋಗುವ ಮೊದಲು ಒಮ್ಮೆ ಓದಿ. ನಾನು ಅಂಗಡಿಗೆ ಹೋದ ಮೇಲೆ ಓದಲು ಕೂತವನು.

ಮೊದಲು ಲೆಕ್ಕ

ಚಾರಣಿಗರು ಬಳಸುವ ಅಂದಾಜು ಇದು: ತುಂಬಿದ ಬ್ಯಾಗ್ ನಮ್ಮ ತೂಕದ ಶೇ. 20 ದಾಟಬಾರದು. ನನಗೆ ಅಂದರೆ 12.4 ಕೆಜಿ. ಐದು ಕೆಜಿ ಜಾಸ್ತಿ ಇತ್ತು. ಐದು ಕೆಜಿ ಅಂದರೆ ಸೋನಾ ಮಸೂರಿಯ ಒಂದು ಚೀಲ. ಅದನ್ನು ಹೊತ್ತು ದಿನಕ್ಕೆ ಏಳು ಗಂಟೆ ಬೆಟ್ಟ ಹತ್ತುವುದನ್ನು ನೆನೆಸಿಕೊಳ್ಳಿ.

ತೂಕ ಎರಡು ಥರ. ನಡೆಯುತ್ತಾ ಕರಗುವುದು: ಊಟ, ನೀರು, ಗ್ಯಾಸ್. ಮೊದಲ ದಿನದಿಂದ ಕೊನೆಯ ದಿನದವರೆಗೂ ಹಾಗೇ ಇರುವುದು: ಉಳಿದದ್ದೆಲ್ಲ. ಈ ಎರಡನೆಯದನ್ನು ಬೇಸ್ ವೆಯ್ಟ್ ಅನ್ನುತ್ತಾರೆ. ಹೋಲಿಕೆ ಮಾಡುವಾಗ ಇದನ್ನೇ ನೋಡಬೇಕು. ಒಬ್ಬರು ಎರಡು ದಿನದ ಊಟ, ಇನ್ನೊಬ್ಬರು ಆರು ದಿನದ ಊಟ ಹೊತ್ತಿದ್ದರೆ ಒಟ್ಟು ತೂಕ ಹೋಲಿಸಿ ಏನೂ ಗೊತ್ತಾಗುವುದಿಲ್ಲ. ಬೇಸ್ ವೆಯ್ಟ್ ಒಂಬತ್ತು ಕೆಜಿ ಒಳಗಿದ್ದರೆ ಹಗುರ ಅನ್ನುತ್ತಾರೆ. ನಾಲ್ಕೂವರೆ ಒಳಗೆ ತರುವ ಹಟವಾದಿಗಳೂ ಇದ್ದಾರೆ. ನಮಗೆ ಅದು ಈಗಲೇ ಬೇಡ.

ನನ್ನ ಬೇಸ್ ವೆಯ್ಟ್ 11.5 ಇತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದೇ ತೂಗಿ ನೋಟ್‌ಬುಕ್ಕಿನಲ್ಲಿ ಬರೆದೆ. ಬ್ಯಾಗ್ 2.3, ಟೆಂಟ್ 2.8, ಸ್ಲೀಪಿಂಗ್ ಬ್ಯಾಗ್ 1.7, ಚಾಪೆ 0.5. ಇಷ್ಟಕ್ಕೇ 7.3 ಆಯಿತು. ಬಟ್ಟೆ 2.4, ಒಲೆ ಪಾತ್ರೆ 0.7, ಚಿಲ್ಲರೆ ಸಾಮಾನು 1.1. ಟೂತ್ ಬ್ರಷ್ ಹಿಡಿ ಕತ್ತರಿಸಿ ತೂಕ ಇಳಿಸಿದೆ ಅಂತ ಹೆಮ್ಮೆ ಪಡುವವರನ್ನು ನೋಡಿದ್ದೇನೆ. ಅದು ಐದಾರು ಗ್ರಾಂ. ಕೈ ಹಾಕಬೇಕಾದದ್ದು ಆ 7.3ಕ್ಕೆ.

ಚಿಲ್ಲರೆ ಸಾಮಾನಿಗೆ ಬೇರೆ ಉಪಾಯ ಇದೆ. ಎಲ್ಲವನ್ನೂ ಹಾಲಿನಲ್ಲಿ ಹರಡಿ ಮೂರು ಗುಡ್ಡೆ ಮಾಡಿ. ದಿನಾ ಬೇಕಾದದ್ದು. ಅಪಾಯ ಬಂದರೆ ಬೇಕಾದದ್ದು: ಔಷಧಿ, ಟಾರ್ಚ್, ಸೀಟಿ, ಮಳೆ ಕೋಟು. ಮೂರನೆಯದು "ಇರ್ಲಿ, ಬೇಕಾಗತ್ತೆ" ಗುಡ್ಡೆ. ನನ್ನ ಮೂರನೇ ಗುಡ್ಡೆಯಲ್ಲಿ ಎರಡನೇ ಚಾಕು, ದಪ್ಪ ಪುಸ್ತಕ, ಫುಲ್ ಸೈಜ್ ಶಾಂಪೂ ಬಾಟಲಿ, ಅಮ್ಮ ಸ್ಟೀಲ್ ಡಬ್ಬಿ ಸಮೇತ ಕೊಟ್ಟ ಚಕ್ಕುಲಿ ಇದ್ದವು. ಚಕ್ಕುಲಿ ಕವರಿಗೆ ಹೋಯಿತು, ಡಬ್ಬಿ ಮನೆಯಲ್ಲಿ ಉಳಿಯಿತು. ಅಮ್ಮನಿಗೆ ಇದು ಇವತ್ತಿಗೂ ಸರಿ ಕಂಡಿಲ್ಲ.

ಮಲಗುವ ವ್ಯವಸ್ಥೆ

ಬೆಂಗಳೂರಿನವರು ಎಡವುವುದು ಇಲ್ಲಿ. ಡಿಸೆಂಬರ್ ರಾತ್ರಿ 15 ಡಿಗ್ರಿಗೇ ಸ್ವೆಟರ್ ಹುಡುಕುವವರು ನಾವು. ಹಾಗಾಗಿ ಹಿಮಾಲಯ ಅಂದ ಕೂಡಲೇ ಅಂಗಡಿಯಲ್ಲಿರುವ ಅತಿ ದಪ್ಪ ಸ್ಲೀಪಿಂಗ್ ಬ್ಯಾಗ್ ಎತ್ತಿಕೊಳ್ಳುತ್ತೇವೆ. ಹೆದರಿಕೆ ಬದಲು ಲೆಕ್ಕ ಹಾಕಿ. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಅಲ್ಲಿ ರಾತ್ರಿ 10 ಡಿಗ್ರಿ ಇದ್ದರೆ, 4,000 ಮೀಟರ್ ಕ್ಯಾಂಪಿನಲ್ಲಿ ಮೈನಸ್ 3ರ ಆಸುಪಾಸು. ಗಾಳಿ, ಮೋಡ ಈ ಲೆಕ್ಕ ತಪ್ಪಿಸುತ್ತವೆ, ಅದಕ್ಕೆ ಐದು ಡಿಗ್ರಿ ಹೆಚ್ಚುವರಿ ಇಟ್ಟುಕೊಳ್ಳಿ.

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಡಿಗ್ರಿಯಲ್ಲಿ ಮೂರು ಅಂಕಿ ಇರುತ್ತವೆ. ನೋಡಬೇಕಾದದ್ದು ಕಂಫರ್ಟ್. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿದೀತು ಅಷ್ಟೇ, ನಿದ್ದೆ ಬರುವುದಿಲ್ಲ. ಕೆಲವು ಅಂಗಡಿಗಳಲ್ಲಿ ಮೂರನೇ ಅಂಕಿಯನ್ನೇ ದೊಡ್ಡದಾಗಿ ಬರೆದಿರುತ್ತಾರೆ, ಹುಷಾರು.

ಹಕ್ಕಿಗರಿಯ ಡೌನ್ ತುಂಬಿದ್ದು ಹಗುರ, ಚಿಕ್ಕದಾಗಿ ಮಡಚಿಕೊಳ್ಳುತ್ತದೆ, ಬೆಲೆ ಜಾಸ್ತಿ. ನೆನೆದರೆ ಮುದ್ದೆ. ಸಿಂಥೆಟಿಕ್ ಭಾರ, ಆದರೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ವರ್ಷಕ್ಕೊಂದು ಸಲ ಹೋಗುವವರು ಕೊಳ್ಳಲೇಬೇಕು ಅಂತಿಲ್ಲ, ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ನಾನೂ ಕೊನೆಗೆ 1.1 ಕೆಜಿಯ ಡೌನ್ ಬ್ಯಾಗ್ ಬಾಡಿಗೆಗೆ ತಂದೆ.

ಚಾಪೆಯನ್ನು ಮಾತ್ರ ಬಿಡಬೇಡಿ. ಮಲಗಿದಾಗ ಮೈ ಕೆಳಗಿನ ತುಪ್ಪಳ ಒತ್ತಿ ಚಪ್ಪಟೆಯಾಗುತ್ತದೆ. ಅದರಲ್ಲಿ ಗಾಳಿ ಉಳಿಯುವುದಿಲ್ಲ, ನೆಲ ನೇರವಾಗಿ ಶಾಖ ಹೀರುತ್ತದೆ. ಒಳ್ಳೆಯ ಸ್ಲೀಪಿಂಗ್ ಬ್ಯಾಗಿಗೆ ಸಾವಿರಾರು ರೂಪಾಯಿ ಸುರಿದು, ಚಾಪೆ ಭಾರ ಅಂತ ಬಿಟ್ಟು ಬಂದ ಗೆಳೆಯ ರಾತ್ರಿ ಎರಡು ಗಂಟೆಗೆ ಎದ್ದು ಖಾಲಿ ಬ್ಯಾಗನ್ನೇ ಬೆನ್ನಡಿ ಹಾಸಿಕೊಂಡ.

ಬಟ್ಟೆ, ಶೂ

ಹತ್ತಿ ಬಟ್ಟೆ ಬೇಡ. ಬೆವರು ಹೀರಿ ಒಣಗುವುದೇ ಇಲ್ಲ, ನಿಂತ ಕೂಡಲೇ ಮೈ ತಣ್ಣಗಾಗುತ್ತದೆ. ನಡೆಯಲು ಒಂದು ಜೊತೆ, ಮಲಗಲು ಒಂದು ಒಣ ಜೊತೆ. ಕಾಲುಚೀಲ ಮೂರು. ಜೀನ್ಸ್ ಬಗ್ಗೆ ಬರೆಯುವುದೇ ಬೇಡ ಅಂದುಕೊಂಡಿದ್ದೆ, ಆದರೆ ಪ್ರತಿ ಗುಂಪಿನಲ್ಲೂ ಒಬ್ಬರು ಹಾಕಿಕೊಂಡು ಬರುತ್ತಾರೆ.

ಶೂವನ್ನು ಸಂಜೆ ಹೊತ್ತು ಕೊಳ್ಳಿ, ದಿನವಿಡೀ ಓಡಾಡಿ ಪಾದ ಊದಿರುತ್ತದೆ. ಇಳಿಜಾರಿನಲ್ಲಿ ಬೆರಳು ಮುಂದೆ ತಗುಲಬಾರದು. ಕಾಲಿನ ಮೇಲಿನ ಒಂದು ಕೆಜಿ, ಬೆನ್ನಿನ ಮೇಲಿನ ನಾಲ್ಕಾರು ಕೆಜಿಯಷ್ಟು ದಣಿಸುತ್ತದೆ. ಹಾಗಾಗಿ ಹಿಮದ ದಾರಿ ಅಲ್ಲದಿದ್ದರೆ ಭಾರೀ ಬೂಟು ಬೇಕಿಲ್ಲ. ಎಮ್ಮಾ ಗೇಟ್‌ವುಡ್ 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಅಮೆರಿಕದ ಅಪಲೇಚಿಯನ್ ಟ್ರೈಲನ್ನು ಒಬ್ಬರೇ ನಡೆದು ಮುಗಿಸಿದ್ದು ಕ್ಯಾನ್ವಾಸ್ ಶೂನಲ್ಲಿ. ಅದು ಮೂರು ಸಾವಿರ ಕಿಲೋಮೀಟರ್‌ಗೂ ಮೀರಿದ ದಾರಿ. ಬ್ಯಾಗ್ ಬದಲು ಮನೆಯಲ್ಲೇ ಹೊಲಿದ ಒಂದು ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದರು. ಅವರನ್ನು ಅನುಕರಿಸಿ ಅನ್ನುತ್ತಿಲ್ಲ. ಏಳು ಸಾವಿರದ ಬೂಟಿಗೆ ಸಾಲ ಮಾಡುವ ಮೊದಲು ನೆನಪಿಸಿಕೊಳ್ಳಿ ಅಷ್ಟೇ.

ಊಟ

ಒಣಗಿದ್ದು, ಎಣ್ಣೆ ಅಂಶ ಇದ್ದದ್ದು, ಬೇಯಿಸುವ ಅಗತ್ಯ ಕಡಿಮೆ ಇದ್ದದ್ದು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. ನೂರು ಗ್ರಾಂ ಅವಲಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ, ಅಷ್ಟೇ ಕಡಲೆಕಾಯಿ ಬೀಜದಲ್ಲಿ 550ಕ್ಕೂ ಹೆಚ್ಚು. ಬಸವನಗುಡಿ ಪರಿಷೆಯಲ್ಲಿ ಕೊಂಡದ್ದನ್ನು ಹುರಿದು, ಸಿಪ್ಪೆ ಬಿಡಿಸಿಯೇ ಒಯ್ಯಿರಿ. ಪ್ಯಾಕೆಟ್‌ನಲ್ಲಿ ಬರುವ ತಯಾರಿ ಪಲ್ಯ, ಸಾಂಬಾರ್ ಬೇಡ. ಹೊರುತ್ತಿರುವುದು ಬಹುಪಾಲು ನೀರನ್ನೇ.

ಬೇಳೆ, ಅಕ್ಕಿ ಕೂಡ ಬೇಡ. 3,500 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕೊತಕೊತ ಅಂತ ಕುದಿಯುತ್ತಲೇ ಇರುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ, ಗ್ಯಾಸ್ ಖಾಲಿ. ಇದಕ್ಕೆ ನಮ್ಮ ಗೊಜ್ಜವಲಕ್ಕಿಯಷ್ಟು ಒಳ್ಳೆಯದು ನಾನು ಕಂಡಿಲ್ಲ. ತರಿ ಮಾಡಿದ ಅವಲಕ್ಕಿ, ಹುಣಸೆ ಪುಡಿ, ಬೆಲ್ಲ, ಸಾರಿನ ಪುಡಿ, ಒಣಕೊಬ್ಬರಿ, ಒಗ್ಗರಣೆ ಎಲ್ಲ ಮನೆಯಲ್ಲೇ ಬೆರೆಸಿ, ಒಬ್ಬರ ಒಂದು ಹೊತ್ತಿಗೆ ಒಂದು ಕವರ್. ನೀರು ಹಾಕಿ ಮುಚ್ಚಿಟ್ಟರೆ ಮುಗಿಯಿತು. ಬೆಳಗ್ಗೆಗೆ ಹುರಿಹಿಟ್ಟು. ದಿನಕ್ಕೆ 700 ಗ್ರಾಂ, ಐದು ದಿನಕ್ಕೆ 3.5 ಕೆಜಿ.

ನೀರು ಲೀಟರಿಗೆ ಒಂದು ಕೆಜಿ. ದಾರಿಯುದ್ದಕ್ಕೂ ತೊರೆ ಸಿಗುತ್ತದೆ ಅಂತ ಖಾತ್ರಿ ಇದ್ದರೆ ಒಂದು ಲೀಟರ್ ಹೊತ್ತು, ಸಿಕ್ಕಲ್ಲಿ ಶುದ್ಧ ಮಾಡಿ ತುಂಬಿಕೊಳ್ಳಿ.

ಈಗ ಬ್ಯಾಗ್

ನಾನು ಮಾಡಿದ ದೊಡ್ಡ ತಪ್ಪು ಇದು: ಮೊದಲೇ 70 ಲೀಟರ್ ಬ್ಯಾಗ್ ಕೊಂಡೆ. ಜಾಗ ಇದ್ದರೆ ಅದು ತುಂಬಿಯೇ ತುಂಬುತ್ತದೆ, ಅಟ್ಟದ ಥರ. ಸರಿಯಾದ ಕ್ರಮ ಇದು. ದಿನಸಿ ಅಂಗಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ತನ್ನಿ. ಊಟ, ನೀರು ಸಮೇತ ಎಲ್ಲವನ್ನೂ ಒತ್ತಿ ಜೋಡಿಸಿ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಅಳೆದು ಗುಣಿಸಿ ಸಾವಿರದಿಂದ ಭಾಗಿಸಿ. ನನ್ನದು 40, 40, 32. ಅಂದರೆ 51 ಲೀಟರ್. 50 ಲೀಟರ್ ಬ್ಯಾಗ್ ಸಾಕಿತ್ತು, ಚಾಪೆ ಹೊರಗೆ ಕಟ್ಟಬಹುದು.

ಅಳತೆ ಇನ್ನೊಂದಿದೆ, ಬೆನ್ನಿನದು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ, ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪು ಹಿಡಿಸಿ. ನನ್ನದು 46 ಸೆಂಟಿಮೀಟರ್. ನನಗಿಂತ ಅರ್ಧ ಅಡಿ ಎತ್ತರದ ಗೆಳೆಯನದು 44! ಅವನಿಗೆ ಇರುವುದೆಲ್ಲ ಕಾಲೇ. ಎತ್ತರ ನೋಡಿ ಸೈಜ್ ಕೊಡುವ ಅಂಗಡಿಯವರ ಮಾತು ಕೇಳಬೇಡಿ. ಖಾಲಿ ಬ್ಯಾಗ್ ಹಾಕಿ ನೋಡುವುದೂ ವ್ಯರ್ಥ. ಒಳಗೆ ಹತ್ತು ಕೆಜಿ ಹಾಕಿಸಿ, ಅಂಗಡಿಯಲ್ಲೇ ಕಾಲು ಗಂಟೆ ಓಡಾಡಿ.

ಕೊನೆಗೆ ನನ್ನ ಲೆಕ್ಕ ಹೀಗಾಯಿತು. ಟೆಂಟನ್ನು ನಾನು, ಜೊತೆಗಾರ ಹಂಚಿಕೊಂಡೆವು, ಕಂಬಿ ಅವನಿಗೆ, ಟೆಂಟಿನ ಬಟ್ಟೆ ನನಗೆ: 1.4 ಇಳಿಯಿತು. ಬ್ಯಾಗ್ ಬದಲಿಸಿ 0.7, ಸ್ಲೀಪಿಂಗ್ ಬ್ಯಾಗ್ 0.6, ಬಟ್ಟೆ 1, ಚಿಲ್ಲರೆ 0.5, ಪಾತ್ರೆ 0.3, ನೀರು 1. ಒಟ್ಟು ಐದೂವರೆ ಕೆಜಿ ಇಳಿದು 11.9.

ತುಂಬುವ ಬಗೆ

ನೀರಿನ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಒಂದು ಫರ್ಲಾಂಗ್ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆ ಆಗುವುದಿಲ್ಲ. ಬ್ಯಾಗ್ ತುಂಬುವ ವಿದ್ಯೆ ಇಷ್ಟೇ. ಭಾರದ್ದು ಬೆನ್ನಿಗೆ ಒತ್ತಿಕೊಂಡು, ನಡುವಿನಲ್ಲಿ: ಊಟ, ನೀರು, ಒಲೆ. ತೀರಾ ಕೆಳಗಿಟ್ಟರೆ ಹಿಂದಕ್ಕೆ ಜಗ್ಗುತ್ತದೆ, ತೀರಾ ಮೇಲಿಟ್ಟರೆ ತೂಗಾಡುತ್ತದೆ. ಬುಡದಲ್ಲಿ ಸ್ಲೀಪಿಂಗ್ ಬ್ಯಾಗ್, ಸಂಜೆವರೆಗೆ ಅದು ಬೇಕಿಲ್ಲ. ಸಂದಿಗಳಲ್ಲಿ ಬಟ್ಟೆ ತುರುಕಿ. ಮೇಲೆ ಮಳೆ ಕೋಟು.

ಹಾಕಿಕೊಳ್ಳುವಾಗ ಎಲ್ಲ ಪಟ್ಟಿ ಸಡಿಲಿಸಿ, ಮೊದಲು ಸೊಂಟದ ಪಟ್ಟಿ ಬಿಗಿ ಮಾಡಿ. ಅದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಆಮೇಲೆ ಹೆಗಲಿನದು. ಭಾರದ ಬಹುಪಾಲು ಸೊಂಟವೇ ಹೊರಬೇಕು. ಹೆಗಲು ಉರಿಯುತ್ತಿದ್ದರೆ ಸೊಂಟದ ಪಟ್ಟಿ ಜಾರಿದೆ ಅಂತ ಅರ್ಥ.

ರೇನ್ ಕವರ್ ನಂಬಿ ನಾನು ಕೊಡಚಾದ್ರಿಯಲ್ಲಿ ಕೆಟ್ಟೆ. ಕವರ್ ಹೊರಗಡೆಯನ್ನು ಮುಚ್ಚುತ್ತದೆ, ಬೆನ್ನಿನ ಕಡೆ ತೆರೆದೇ ಇರುತ್ತದೆ. ಕತ್ತಿನಿಂದ ಇಳಿದ ಮಳೆ ನೀರು ಅಲ್ಲಿಂದ ಒಳಗೆ ಸೇರಿ, ಬುಡದಲ್ಲಿದ್ದ ಸ್ಲೀಪಿಂಗ್ ಬ್ಯಾಗ್ ನೆನೆದು ಹಿಂಡಿದರೆ ನೀರು ಸುರಿಯುವಂತಾಗಿತ್ತು. ಈಗ ಬ್ಯಾಗಿನ ಒಳಗೇ ಒಂದು ದಪ್ಪ ದೊಡ್ಡ ಪ್ಲಾಸ್ಟಿಕ್ ಚೀಲ ಇಳಿಬಿಟ್ಟು, ಅದರೊಳಗೆ ಎಲ್ಲ ತುಂಬಿ ಬಾಯಿ ತಿರುಚುತ್ತೇನೆ. ಚಿಕ್ಕಪೇಟೆಯಲ್ಲಿ ಪುಡಿಗಾಸಿಗೆ ಸಿಗುತ್ತದೆ.

ವಿಮಾನದಲ್ಲಿ ಹೋಗುವವರಿಗೆ: ಗ್ಯಾಸ್ ಕ್ಯಾನ್ ಕೈಚೀಲದಲ್ಲೂ ಇಲ್ಲ, ಚೆಕ್-ಇನ್‌ನಲ್ಲೂ ಇಲ್ಲ. ಅಲ್ಲಿಗೆ ಹೋಗಿಯೇ ಕೊಳ್ಳಿ. ಕೊಳ್ಳುವಾಗ ಬರೀ ಬ್ಯೂಟೇನ್ ಬೇಡ, ಸೊನ್ನೆ ಡಿಗ್ರಿ ಹತ್ತಿರ ಅದು ಆವಿಯಾಗುವುದೇ ನಿಲ್ಲುತ್ತದೆ. ಪ್ರೊಪೇನ್ ಬೆರೆತದ್ದು ಕೇಳಿ. ಚಾಕು ಚೆಕ್-ಇನ್‌ಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ. ಅದಲುಬದಲಾದರೆ ದೇವನಹಳ್ಳಿಯಲ್ಲೇ ಬ್ಯಾಗ್ ಬಿಚ್ಚಬೇಕಾಗುತ್ತದೆ.

ಹೊರಡುವ ಮೂರು ವಾರ ಮೊದಲು, ಪೂರ್ತಿ ತುಂಬಿದ ಬ್ಯಾಗ್ ಹೊತ್ತು ತುರಹಳ್ಳಿ ಕಾಡಿನಲ್ಲಿ ಎರಡು ಗಂಟೆ ನಡೆಯಿರಿ, ಇಲ್ಲವಾದರೆ ಅಪಾರ್ಟ್‌ಮೆಂಟ್ ಮೆಟ್ಟಿಲು ಹತ್ತಿಳಿಯಿರಿ. ನಾನು ಎರಡೂ ಮಾಡಿದೆ. ಮೂರನೇ ಮಹಡಿಯ ಅಜ್ಜಿ ಬಾಗಿಲು ತೆಗೆದು, "ಯಾರ ಮನೆ ಖಾಲಿ ಮಾಡ್ತಿದಾರಪ್ಪಾ?" ಅಂತ ಕೇಳಿದರು. ಮನೆಗೆ ಬಂದು ಇನ್ನೊಂದು ಟೀ ಶರ್ಟ್ ತೆಗೆದಿಟ್ಟೆ.