ಬಿಗಿತ ‘2’ ಇದ್ದದ್ದು ‘1+’ ಆಗಿದೆ, ಕಡಿಮೆ ಆಯ್ತಾ?

ಪ್ರಶ್ನೆ: ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ (ಎಳೆಯ ಮೆದುಳಿಗೆ ಪೆಟ್ಟಾಗಿ ಚಲನೆಗೆ ಬರುವ ತೊಂದರೆ) ಇದೆ. ಮೂರು ತಿಂಗಳ ಹಿಂದೆ ಥೆರಪಿಸ್ಟ್ ಅವನ ಮೀನಖಂಡದ ಬಿಗಿತ ‘2’ ಎಂದು ಬರೆದಿದ್ದರು. ಈಗ ಇನ್ನೊಬ್ಬರು ನೋಡಿ ‘1+’ ಎಂದಿದ್ದಾರೆ. ಬಿಗಿತ ಇಳಿದಿದೆ ಅಂತ ಖುಷಿಪಡಬಹುದಾ?

ಉತ್ತರ: ಬರೀ ಆ ನಂಬರ್ ನೋಡಿ ಹೇಳೋಕಾಗಲ್ಲ. ಅದನ್ನು ಯಾವ ಮೆಷಿನ್ನೂ ಕೊಟ್ಟಿಲ್ಲ. ಥೆರಪಿಸ್ಟ್ ಮಗುವಿನ ಹಿಮ್ಮಡಿ ಹಿಡಿದು ಪಾದವನ್ನು ಮೇಲಕ್ಕೆ ಎತ್ತುತ್ತಾರೆ, ಎಷ್ಟು ತಡೆ ಸಿಕ್ಕಿತು ಅಂತ ಕೈಯಲ್ಲೇ ಅಂದಾಜು ಮಾಡುತ್ತಾರೆ. ಅಷ್ಟೇ. ನಿಮ್ಮ ಮಗನನ್ನು ನೋಡಿದ್ದು ಎರಡು ಬೇರೆ ಬೇರೆ ಕೈ, ಅಲ್ವಾ?

ಈ ಅಳತೆಯ ಹೆಸರು ಮಾಡಿಫೈಡ್ ಆಶ್‌ವರ್ತ್ ಸ್ಕೇಲ್. 1964ರಲ್ಲಿ ಆಶ್‌ವರ್ತ್ ಎಂಬ ವೈದ್ಯರು ಮೊದಲ ರೂಪ ಮಾಡಿದ್ದು ಮಕ್ಕಳಿಗಲ್ಲ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆಯ ರೋಗಿಗಳಿಗೆ. 1987ರಲ್ಲಿ ಅದಕ್ಕೆ ‘1+’ ಸೇರಿತು. ಈಗ 0, 1, 1+, 2, 3, 4 ಎಂದು ಆರು ಮೆಟ್ಟಿಲು. 1+ ಅಂದರೆ ಒಂದು ಕಡೆ ಸ್ನಾಯು ಗಕ್ಕನೆ ಹಿಡಿಯುತ್ತದೆ, ಆಮೇಲೆ ಉಳಿದ ದಾರಿಯಲ್ಲಿ ಸ್ವಲ್ಪ ತಡೆ. 2 ಅಂದರೆ ಹೆಚ್ಚುಕಡಿಮೆ ದಾರಿಯುದ್ದಕ್ಕೂ ತಡೆ, ಆದರೂ ಪಾದ ಸುಲಭವಾಗಿ ಏಳುತ್ತದೆ. ಇವೆರಡರ ನಡುವಿನ ಗೆರೆ ತುಂಬಾ ತೆಳು. ಒಬ್ಬರೇ ಎರಡು ಸಲ ನೋಡಿದರೂ ಉತ್ತರ ಬದಲಾಗಬಹುದು. ಮಗು ಅತ್ತಿದ್ದರೆ, ಚಳಿಯಾಗಿದ್ದರೆ, ಗಾಬರಿಯಾಗಿದ್ದರೆ ಬಿಗಿತ ಜಾಸ್ತಿಯೇ ಕಾಣುತ್ತದೆ.

ನನಗೆ ಇದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಸ್ಪಾಸ್ಟಿಸಿಟಿಯ, ಅಂದರೆ ಮೆದುಳಿನ ತೊಂದರೆಯಿಂದ ಬರುವ ಬಿಗಿತದ, ಗುಣವೇ ವೇಗ. ಸ್ನಾಯುವನ್ನು ಬೇಗ ಎಳೆದಷ್ಟೂ ಅದು ಜೋರಾಗಿ ತಿರುಗಿ ಎಳೆಯುತ್ತದೆ. ಆದರೆ ಸ್ನಾಯು ನಿಜವಾಗಿಯೇ ಗಿಡ್ಡವಾಗಿದ್ದರೂ ಕೈಗೆ ತಡೆ ಸಿಗುತ್ತದೆ. ಆಶ್‌ವರ್ತ್ ನಂಬರ್ ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿಬಿಡುತ್ತದೆ.

ಇದನ್ನು ಬಿಡಿಸಿ ನೋಡುವುದು ಟಾರ್ಡ್ಯೂ ಅಳತೆ. ಮಗುವನ್ನು ಅಂಗಾತ ಮಲಗಿಸಿ, ಮಂಡಿ ನೇರ ಇಟ್ಟು, ಮೊದಲು ಪಾದವನ್ನು ಆದಷ್ಟು ನಿಧಾನಕ್ಕೆ ಎತ್ತುತ್ತಾರೆ. ಎಲ್ಲಿಯವರೆಗೆ ಹೋಯಿತೋ ಆ ಕೋನವನ್ನು ಗೋನಿಯೋಮೀಟರ್ (ಕೋನ ಅಳೆಯುವ ಸಾಧನ) ಇಟ್ಟು ಬರೆದುಕೊಳ್ಳುತ್ತಾರೆ. ಇದು ಆರ್2. ಆಮೇಲೆ ಆದಷ್ಟು ಬೇಗ ಎತ್ತುತ್ತಾರೆ. ಸ್ನಾಯು ಗಕ್ಕನೆ ಹಿಡಿದ ಜಾಗ ಆರ್1. ಬೇಗ ಎತ್ತಿದಾಗ ಪಾದ ಲಂಬಕೋನಕ್ಕೆ 20 ಡಿಗ್ರಿ ಮುಂಚೆಯೇ ನಿಂತಿತು, ನಿಧಾನಕ್ಕೆ ಎತ್ತಿದಾಗ ಲಂಬಕೋನ ದಾಟಿ 5 ಡಿಗ್ರಿ ಹೋಯಿತು ಅಂದುಕೊಳ್ಳಿ. ಅಂತರ 25 ಡಿಗ್ರಿ. ಇಲ್ಲಿ ಆಟ ಆಡುತ್ತಿರುವುದು ಹೆಚ್ಚಾಗಿ ಸ್ಪಾಸ್ಟಿಸಿಟಿ, ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್‌ಗೆ ಕೆಲಸ ಇದೆ. ಎರಡೂ ಸಲ ಪಾದ ಹತ್ತಿರ ಹತ್ತಿರ ಒಂದೇ ಕಡೆ ನಿಂತರೆ ಸ್ನಾಯುವೇ ಗಿಡ್ಡವಾಗಿದೆ. ಅದಕ್ಕೆ ಇಂಜೆಕ್ಷನ್ ಒಂದರಿಂದ ಆಗುವುದು ಕಡಿಮೆ. ಪ್ಲಾಸ್ಟರ್ ಹಾಕಿ ಉದ್ದ ಮಾಡುವುದು ಅಥವಾ ಆಪರೇಷನ್ ಬಗ್ಗೆ ಮಾತು ಬರುತ್ತದೆ.

ಟಾರ್ಡ್ಯೂನಲ್ಲೂ ಕೈ ತಪ್ಪುತ್ತದೆ, ಕೋನ ಓದುವಾಗ ಕೆಲವು ಡಿಗ್ರಿ ಆಚೀಚೆ ಸಾಮಾನ್ಯ. ಹಾಗಾಗಿ ಸಾಧ್ಯವಾದರೆ ಪ್ರತಿ ಸಲ ಅದೇ ಥೆರಪಿಸ್ಟ್, ಅದೇ ಭಂಗಿ ಇರಲಿ. ಇಂಜೆಕ್ಷನ್ ಆಗಿದ್ದರೆ ಎಷ್ಟು ವಾರ ಆಯಿತು ಅಂತಲೂ ಬರೆಸಿ. ಮುಂದಿನ ಸಲ ಹೋದಾಗ “ಆರ್1, ಆರ್2 ಎಷ್ಟು?” ಅಂತ ಕೇಳಿ. ಮಂಡಿ ಮಡಚಿಯೂ ಒಮ್ಮೆ ನೋಡಲು ಹೇಳಿ. ಮಡಚಿದಾಗ ಪಾದ ಸಲೀಸಾಗಿ ಎದ್ದು, ನೇರ ಮಾಡಿದಾಗ ನಿಂತರೆ, ತೊಂದರೆ ಇರುವುದು ಮಂಡಿ ದಾಟಿ ಬರುವ ಮೇಲಿನ ಸ್ನಾಯುವಿನಲ್ಲಿ, ಅದರಡಿ ಇರುವುದರಲ್ಲಿ ಅಲ್ಲ.