ಸೀಸದಿಂದ ಶಿಲೆಯ ವಯಸ್ಸು: ಒಂದೇ ಹರಳಿನಲ್ಲಿ ಎರಡು ಗಡಿಯಾರ

ಸೀಸಕ್ಕೆ ನಾಲ್ಕು ಸ್ಥಿರ ಐಸೊಟೋಪುಗಳಿವೆ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳು): 204, 206, 207, 208. ಇವುಗಳಲ್ಲಿ ಕೊನೆಯ ಮೂರು ಇಂದಿಗೂ ಹೊಸದಾಗಿ ಹುಟ್ಟುತ್ತಲೇ ಇವೆ. ಯುರೇನಿಯಂ-238 ಕ್ಷಯಿಸಿ 206 ಆಗುತ್ತದೆ (ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು 447 ಕೋಟಿ ವರ್ಷ), ಯುರೇನಿಯಂ-235 ಕ್ಷಯಿಸಿ 207 (ಸುಮಾರು 70 ಕೋಟಿ), ಥೋರಿಯಂ-232 ಕ್ಷಯಿಸಿ 208 (ಸುಮಾರು 1,400 ಕೋಟಿ). 204 ಮಾತ್ರ ಹೀಗೆ ಹುಟ್ಟುವುದಿಲ್ಲ. ಓದುವಾಗ ನಾವು ಅದನ್ನು ಹಾರಿಸಿಬಿಡುತ್ತೇವೆ, ಆದರೆ ಲೆಕ್ಕದ ಆಧಾರವೇ ಅದು: ಖನಿಜದಲ್ಲಿ 204 ಕಂಡುಬಂದರೆ ಕ್ಷಯದಿಂದ ಬಾರದ ಸೀಸವೂ ಅಲ್ಲಿದೆ ಎಂದರ್ಥ. ಅಷ್ಟನ್ನು ಕಳೆದ ಮೇಲೆಯೇ ವಯಸ್ಸಿನ ಮಾತು.

ಈ ಕಳೆಯುವ ಗೋಜು ತೀರಾ ಕಡಿಮೆ ಇರುವ ಖನಿಜ ಜಿರ್ಕಾನ್. ಹರಳುಗಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಡುತ್ತದೆ. ಹಾಗಾಗಿ ಇಂದು ಅದರಲ್ಲಿ ಸಿಗುವ ಸೀಸವೆಲ್ಲ ಬಹುತೇಕ ಅಲ್ಲೇ ಹುಟ್ಟಿದ್ದು.

ಒಂದು ಲೆಕ್ಕ ಮಾಡಿ ನೋಡೋಣ. 100 ಕೋಟಿ ವರ್ಷದ ಜಿರ್ಕಾನ್‌ನಲ್ಲಿ ಸೀಸ-206 ಮತ್ತು ಯುರೇನಿಯಂ-238ರ ಅನುಪಾತ (206/238) 0.168, ಸೀಸ-207 ಮತ್ತು ಯುರೇನಿಯಂ-235ರ ಅನುಪಾತ (207/235) 1.68. ಎರಡು ಗಡಿಯಾರವೂ ಒಂದೇ ಹೊತ್ತು ತೋರಿಸುತ್ತವೆ. ಈಗ ಇತ್ತೀಚೆಗೆ ಹರಳಿನಿಂದ ಶೇ. 20ರಷ್ಟು ಸೀಸ ಸೋರಿಹೋಯಿತು ಎನ್ನಿ. ಮೊದಲನೆಯದು ಸುಮಾರು 81 ಕೋಟಿ ಎನ್ನುತ್ತದೆ, ಎರಡನೆಯದು 86 ಕೋಟಿ. ಮಾತು ಹೊಂದುತ್ತಿಲ್ಲ ಎಂದರೆ ಹರಳಿಗೆ ಏನೋ ಆಗಿದೆ ಎಂದು ಗೊತ್ತಾಗುತ್ತದೆ. ಆದರೆ ಸೋರಿದ್ದು ಎರಡೂ ಸೀಸ ಒಂದೇ ಪ್ರಮಾಣದಲ್ಲಿ, ಆದ್ದರಿಂದ 207/206 ಅನುಪಾತ 0.0725 ಹಾಗೆಯೇ ಉಳಿಯುತ್ತದೆ. ಅದರಿಂದ 100 ಕೋಟಿ ಮತ್ತೆ ಸಿಗುತ್ತದೆ. ತಪ್ಪನ್ನು ತಾನೇ ಹಿಡಿದುಕೊಡುವ ಈ ಗುಣ ಬೇರೆ ಕಾಲಮಾಪನ ವಿಧಾನಗಳಲ್ಲಿ ಅಪರೂಪ. ಸೋರಿಕೆ ಬಹಳ ಹಿಂದೆಯೇ ಆಗಿದ್ದರೆ ಒಂದು ಹರಳು ಸಾಲದು. ಹಲವು ಹರಳುಗಳನ್ನು ಅಳೆದು ಕಾನ್‌ಕಾರ್ಡಿಯಾ ನಕ್ಷೆಯಲ್ಲಿ (ಎರಡು ಗಡಿಯಾರಗಳ ಅನುಪಾತಗಳನ್ನು ಒಂದಕ್ಕೊಂದು ಎದುರಿಟ್ಟ ನಕ್ಷೆ) ಅವುಗಳ ಬಿಂದುಗಳ ಮೂಲಕ ಗೆರೆ ಎಳೆಯಬೇಕು.

ಯುರೇನಿಯಂ ಇಲ್ಲದ ಖನಿಜಕ್ಕೆ ಬೆಲೆಯಿಲ್ಲ ಎಂದುಕೊಳ್ಳಬೇಡಿ. ಕ್ಯಾನ್ಯನ್ ಡಯಾಬ್ಲೊ ಉಲ್ಕಾಶಿಲೆಯಲ್ಲಿರುವ ಕಬ್ಬಿಣ-ಗಂಧಕದ ಖನಿಜ ಟ್ರೊಯಿಲೈಟ್‌ನಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸೌರವ್ಯೂಹದ ಆರಂಭದಲ್ಲಿದ್ದ ಸೀಸದ ಅನುಪಾತ ಅದರಲ್ಲಿ ಮಾಸದೆ ಉಳಿದಿದೆ. 1956ರಲ್ಲಿ ಭೂರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್ಸನ್ 206/204 ಮತ್ತು 207/204 ಅನುಪಾತಗಳನ್ನು ಈ ಉಲ್ಕಾಶಿಲೆಯಲ್ಲೂ ಬೇರೆ ಉಲ್ಕಾಶಿಲೆಗಳಲ್ಲೂ ಹೋಲಿಸಿದರು. ಬಿಂದುಗಳು ಒಂದೇ ಸರಳರೇಖೆಯಲ್ಲಿ ಕೂತವು. ಅದರ ಇಳಿಜಾರಿನಿಂದ ಬಂದ ಉಲ್ಕಾಶಿಲೆಗಳ ವಯಸ್ಸು 455 ಕೋಟಿ ವರ್ಷ. ಭೂಮಿಯ ಸೀಸವೂ ಆ ರೇಖೆಗೇ ಹೊಂದಿಕೊಂಡಿತು, ಹಾಗಾಗಿ ಭೂಮಿಯ ವಯಸ್ಸೂ ಅಷ್ಟೇ ಎಂದಾಯಿತು. ಅವರಿಗೆ ದೊಡ್ಡ ತಲೆನೋವಾಗಿದ್ದು ಗಣಿತವಲ್ಲ, ಪ್ರಯೋಗಾಲಯದ ಗಾಳಿ, ಧೂಳಿನಲ್ಲಿದ್ದ ಸೀಸ. ಮುಂದೆ ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ಅವರು ದನಿ ಎತ್ತಿದ್ದರ ಬೇರು ಇಲ್ಲೇ ಇದೆ.