ಡಾಕ್ಸಿಸೈಕ್ಲಿನ್: ಊಟ ಆದ ಮೇಲೆ, ಆದರೆ ಹಾಲಿನ ಜೊತೆ ಬೇಡ

ನರ್ಸಿಂಗ್ ಎರಡನೇ ವರ್ಷದ ಇಂಟರ್ನಲ್‌ನಲ್ಲಿ ಒಂದು ಪ್ರಶ್ನೆ ಬಂದಿತ್ತು. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವ ರೋಗಿಗೆ ಏನೇನು ಹೇಳಿಕೊಡುತ್ತೀರಿ? ‘ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಹಾಲು ಕುಡಿಯಬಾರದು’ ಅಂತ ಬರೆದೆ. ಪಕ್ಕದವಳು ‘ಊಟ ಆದ ಮೇಲೆ ನುಂಗಬೇಕು’ ಅಂತ ಬರೆದಳು. ನನಗೆ 5ಕ್ಕೆ 2, ಅವಳಿಗೆ 4. ಊಟ ಆಗಬಹುದಾದರೆ ಹಾಲು ಯಾಕೆ ಆಗಬಾರದು? ಎರಡು ದಿನ ತಲೆ ಕೆಡಿಸಿಕೊಂಡು ಬಿಡಿಸಿಕೊಂಡದ್ದು ಇದು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಬೇಗ ಮುಗಿಯುವ ಭಾಗ

ಡಾಕ್ಸಿ ಟೆಟ್ರಾಸೈಕ್ಲಿನ್ ಕುಟುಂಬದ ಆಂಟಿಬಯೋಟಿಕ್ ಔಷಧಿ. ಬ್ಯಾಕ್ಟೀರಿಯಾದ 30ಎಸ್ ರೈಬೋಸೋಮ್‌ಗೆ ಅಂಟಿಕೊಂಡು ಪ್ರೋಟೀನ್ ತಯಾರಿ ನಿಲ್ಲಿಸುತ್ತದೆ. ಕೊಲ್ಲುವುದಕ್ಕಿಂತ ಬೆಳೆಯದ ಹಾಗೆ ತಡೆಯುವುದೇ ಇದರ ಕೆಲಸ. ಈ ಕುಟುಂಬದ ಮೊದಲ ಔಷಧಿ ಆರಿಯೊಮೈಸಿನ್ ಬೆಳಕಿಗೆ ಬಂದದ್ದು 1948ರಲ್ಲಿ, ಅಮೆರಿಕದ ಲೆಡರ್ಲಿ ಲ್ಯಾಬ್‌ನಿಂದ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. (ಇದಕ್ಕೆ ಅಂಕ ಇಲ್ಲ, ಸುಮ್ನೆ ಖುಷಿಗೆ.)

ನಮ್ಮ ಕಡೆ ಇದನ್ನು ಹೆಚ್ಚಾಗಿ ನೋಡುವುದು ಇಲಿಜ್ವರ, ಸ್ಕ್ರಬ್ ಟೈಫಸ್ (ನುಸಿಯಂಥ ಸಣ್ಣ ಹುಳ ಕಚ್ಚಿ ಬರುವ ಜ್ವರ) ಮತ್ತು ಮೊಡವೆಗೆ. ಸಾಧಾರಣ ಇಲಿಜ್ವರಕ್ಕೆ 100 ಮಿ.ಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ಮಂಗನ ಕಾಯಿಲೆ ವೈರಸ್‌ನಿಂದ ಬರುವುದು, ಅದಕ್ಕೆ ಡಾಕ್ಸಿ ಏನೂ ಮಾಡುವುದಿಲ್ಲ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೊಡುವಂತಿಲ್ಲ ಅಂತ ಅರ್ಥ. ಹೋದ ವರ್ಷ ಉಳಿದ ನಾಲ್ಕು ಮಾತ್ರೆ ಈ ವರ್ಷದ ಜ್ವರಕ್ಕಲ್ಲ.

ನಾನು ಎಡವಿದ ಜಾಗ

ಡಾಕ್ಸಿ ಅಣುವಿಗೆ ಒಂದು ಗುಣ ಇದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಕಬ್ಬಿಣ, ಸತು ಇಂಥ ಲೋಹ ಹತ್ತಿರ ಬಂದರೆ ಏಡಿ ಇಕ್ಕಳದಲ್ಲಿ ಹಿಡಿದ ಹಾಗೆ ಹಿಡಿದುಬಿಡುತ್ತದೆ. ಇದೇ ಕೀಲೇಷನ್. ಹಿಡಿದ ಮೇಲೆ ಆ ಜೋಡಿ ಕರುಳಿನಿಂದ ರಕ್ತಕ್ಕೆ ದಾಟುವುದಿಲ್ಲ. ರೋಗಿ ಮಾತ್ರೆ ನುಂಗಿರುತ್ತಾರೆ, ಆದರೆ ಅದು ಸೀದಾ ಹೊರಗೆ ಹೋಗಿರುತ್ತದೆ.

ಅಂದರೆ ಜಗಳ ಊಟದ ಜೊತೆ ಅಲ್ಲ, ಲೋಹದ ಜೊತೆ! ನನ್ನ ತಪ್ಪು ಅಲ್ಲೇ ಇತ್ತು. ‘ಖಾಲಿ ಹೊಟ್ಟೆ’ ಅನ್ನುವುದು ಹಳೆಯ ಟೆಟ್ರಾಸೈಕ್ಲಿನ್‌ನ ನಿಯಮ. ಊಟ, ಹಾಲು ಸೇರಿದರೆ ಅದರ ಹೀರಿಕೆ ಅರ್ಧಕ್ಕರ್ಧ ಬೀಳುತ್ತದೆ. ಡಾಕ್ಸಿಗೆ ಅಷ್ಟು ಪೆಟ್ಟಿಲ್ಲ, ಸುಮಾರು 20% ಮಾತ್ರ ಕಡಿಮೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸಿ ವಾಂತಿ ಆಗುವುದೇ ಜಾಸ್ತಿ. ವಾಂತಿಯಲ್ಲಿ ಹೋದ ಮಾತ್ರೆಗಿಂತ 20% ಕಳೆದುಕೊಂಡ ಮಾತ್ರೆ ವಾಸಿ, ಅಲ್ವಾ? ಆದ್ದರಿಂದ ಇಡ್ಲಿ-ಚಟ್ನಿ, ಅನ್ನ-ಸಾರು ಆದ ಮೇಲೆ ನೀರಿನಲ್ಲಿ ನುಂಗಬೇಕು. ಹಾಲು, ಮೊಸರು, ಮಜ್ಜಿಗೆಯನ್ನು ಎರಡು ಗಂಟೆ ದೂರ ಇಡಬೇಕು. ರಾಗಿ ಅಂಬಲಿಯನ್ನೂ ನಾನು ಅದೇ ಪಟ್ಟಿಗೆ ಸೇರಿಸಿಕೊಂಡಿದ್ದೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿಗಿಂತ ಎಷ್ಟೋ ಪಾಲು ಜಾಸ್ತಿ. ಎಲೆಯಡಿಕೆಯ ಸುಣ್ಣವೂ ಕ್ಯಾಲ್ಸಿಯಮ್ಮೇ. ಅದು ಚೂರೇ ಚೂರು, ನಿಜ. ಆದರೂ ಮಾತ್ರೆ ನುಂಗಿದ ಕೂಡಲೇ ಕವಳ ಹಾಕಬೇಡಿ ಅನ್ನುವುದಕ್ಕೆ ಖರ್ಚೇನಿಲ್ಲ.

ಹಾಲಿನದು ಇಷ್ಟೇ. ನಿಜವಾದ ಶತ್ರು ಕಬ್ಬಿಣದ ಮಾತ್ರೆ. ಕಮ್ಯುನಿಟಿ ಪೋಸ್ಟಿಂಗ್‌ನಲ್ಲಿ ಗದ್ದೆ ಕೆಲಸದ ಒಬ್ಬರು ಸಿಕ್ಕಿದ್ದರು. ರಕ್ತ ಕಡಿಮೆ ಅಂತ ಐರನ್ ಮಾತ್ರೆ ಮೊದಲೇ ನಡೀತಿತ್ತು. ಮೇಲೆ ಇಲಿಜ್ವರಕ್ಕೆ ಡಾಕ್ಸಿ ಕೊಟ್ಟಿದ್ದರು.

“ಅಕ್ಕಾ, ಮಾತ್ರೆ ಹೇಗೆ ತಗೋತೀರಿ?”

“ಎಲ್ಲಾ ಒಟ್ಟಿಗೆ ಹಾಲಲ್ಲಿ ನುಂಗಿಬಿಡ್ತೀನಮ್ಮ. ಇಲ್ಲಾಂದ್ರೆ ಮರ್ತೋಗತ್ತೆ.”

ಆ ದಿನ ನಾನು ತಲೆ ಆಡಿಸಿ ಬಂದಿದ್ದೆ. ಈಗ ನೆನೆದರೆ ಮುಜುಗರ ಆಗುತ್ತದೆ.

ಪುಸ್ತಕದಲ್ಲಿ ಒಂದು ವಿಚಿತ್ರ ಇದೆ, ಇಲ್ಲೇ ನಾನು ನಾಲ್ಕು ಸಲ ಓದಿದ್ದು. ಡಾಕ್ಸಿ ಮೊದಲಾದರೆ 2 ಗಂಟೆ ಬಿಟ್ಟು ಕಬ್ಬಿಣ ಆಗಬಹುದು. ಕಬ್ಬಿಣ ಮೊದಲಾದರೆ ಡಾಕ್ಸಿಗೆ 3ರಿಂದ 4 ಗಂಟೆ ಕಾಯಬೇಕು. ಒಂದೇ ಜೋಡಿಗೆ ಎರಡು ಲೆಕ್ಕ ಯಾಕೆ? ಡಾಕ್ಸಿ ಬೇಗ ರಕ್ತಕ್ಕೆ ಸೇರಿಬಿಡುತ್ತದೆ, ಎರಡು ಗಂಟೆಯಲ್ಲಿ ಹೆಚ್ಚಿನದು ದಾಟಿರುತ್ತದೆ. ಕಬ್ಬಿಣ ಹಾಗಲ್ಲ. ಅದು ಕರುಳಿನಲ್ಲೇ ಬಹಳ ಹೊತ್ತು ಕೂತಿರುತ್ತದೆ. ಬಸ್ಸು ಹೋದ ಮೇಲೆ ರಸ್ತೆಗೆ ಕಲ್ಲು ಇಟ್ಟರೆ ತೊಂದರೆ ಇಲ್ಲ. ಮೊದಲೇ ಇಟ್ಟರೆ ಬಸ್ಸು ನಿಲ್ಲುತ್ತದೆ.

ಆದರೆ ಈ ಬಸ್ಸು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ರಕ್ತಕ್ಕೆ ಸೇರಿದ ಡಾಕ್ಸಿಯಲ್ಲಿ ಒಂದಷ್ಟು ಪಿತ್ತದ ಜೊತೆ ಮತ್ತೆ ಕರುಳಿಗೆ ಇಳಿದು, ಅಲ್ಲಿಂದ ಪುನಃ ರಕ್ತಕ್ಕೆ ಹೋಗುತ್ತದೆ. ಎಂಟರೊಹೆಪಾಟಿಕ್ ಸರ್ಕ್ಯುಲೇಷನ್ ಅಂದರೆ ಇದೇ. ಆಗ ಕರುಳಿನಲ್ಲಿ ಕಬ್ಬಿಣ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಡಾಕ್ಸಿಯನ್ನು ಇಂಜೆಕ್ಷನ್ ಕೊಟ್ಟಾಗಲೂ, ಬಾಯಲ್ಲಿ ನುಂಗಿದ ಕಬ್ಬಿಣ ಅದರ ಮಟ್ಟ ಇಳಿಸುವುದು ಇದಕ್ಕೇ. ಹಾಗಾಗಿ 7 ದಿನದ ಕೋರ್ಸ್ ಆದರೆ, ಆ ವಾರ ಕಬ್ಬಿಣ ನಿಲ್ಲಿಸಬಹುದಾ ಅಂತ ಡಾಕ್ಟರನ್ನೇ ಕೇಳುವುದು ಒಳ್ಳೆಯದು. ನಿಲ್ಲಿಸುವ ಹಾಗಿಲ್ಲ ಅಂದರೆ ನನ್ನ ವೇಳಾಪಟ್ಟಿ ಹೀಗೆ: ಬೆಳಿಗ್ಗೆ 8ಕ್ಕೆ ತಿಂಡಿ, ಡಾಕ್ಸಿ. 12ಕ್ಕೆ ಕಬ್ಬಿಣ, ಬೇಕಾದರೆ ನಿಂಬೆ ಪಾನಕದ ಜೊತೆ. 1:30ಕ್ಕೆ ಊಟ, ಮಜ್ಜಿಗೆ ಧಾರಾಳ. ರಾತ್ರಿ 8ಕ್ಕೆ ಊಟ, ಡಾಕ್ಸಿ. ಹಾಲು ಬೇಕೇ ಬೇಕು ಅನ್ನುವವರಿಗೆ ಸಂಜೆ 5.

ಎದೆಯಲ್ಲಿ ಸಿಕ್ಕಿಕೊಂಡ ಕ್ಯಾಪ್ಸೂಲ್

ಇದನ್ನು ಓದಿ ಕಲಿಯಲಿಲ್ಲ. ಪಿಯುಸಿಯಲ್ಲಿ ಮೊಡವೆಗೆ ಡಾಕ್ಸಿ ಬರೆದುಕೊಟ್ಟಿದ್ದರು. ಒಂದು ರಾತ್ರಿ ಹಾಸಿಗೆಯಲ್ಲೇ ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದೆ. ಬೆಳಿಗ್ಗೆ ಎದೆಮೂಳೆಯ ಹಿಂದೆ ಉರಿ. ಉಗುಳು ನುಂಗಿದರೂ ಚೂರಿ ಹಾಕಿದ ಹಾಗೆ. ನಾಲ್ಕೈದು ದಿನ ಬರೀ ಗಂಜಿ. ಡಾಕ್ಸಿ ಕರಗಿದಾಗ ತುಂಬಾ ಆಮ್ಲೀಯ. ಕ್ಯಾಪ್ಸೂಲ್ ಅನ್ನನಾಳದ ಗೋಡೆಗೆ ಅಂಟಿ ಅಲ್ಲೇ ಕರಗಿದರೆ ಹುಣ್ಣು ಮಾಡುತ್ತದೆ. ಆದ್ದರಿಂದ ಒಂದು ಲೋಟ ತುಂಬಾ ನೀರು ಕುಡಿಯಬೇಕು, ಕೂತು ಅಥವಾ ನಿಂತು ನುಂಗಬೇಕು, ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬಾರದು.

ನನ್ನ ಕಥೆಯ ಇನ್ನೊಂದು ತಪ್ಪು ಈಗ ಗೊತ್ತಾಗುತ್ತಿದೆ. ಉರಿಗೆ ಅಮ್ಮ ಗುಲಾಬಿ ಬಣ್ಣದ ಆಂಟಾಸಿಡ್ ಕುಡಿಸಿದ್ದರು. ಅದರಲ್ಲಿ ಇರುವುದು ಅಲ್ಯೂಮಿನಿಯಂ, ಮೆಗ್ನೀಸಿಯಂ! ಮೇಲಿನ ಪಟ್ಟಿ ನೋಡಿ.

ಉಳಿದದ್ದು, ಚುಟುಕಾಗಿ

ಹಲ್ಲಿನ ಕಲೆಗೂ ಅದೇ ಕೀಲೇಷನ್ ಕಾರಣ. ಬೆಳೆಯುವ ಹಲ್ಲಿನ ಕ್ಯಾಲ್ಸಿಯಂಗೆ ಔಷಧಿ ಅಂಟಿಕೊಳ್ಳುತ್ತದೆ. ಅದಕ್ಕೇ 8 ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಸ್ಕ್ರಬ್ ಟೈಫಸ್ ಜೀವ ತೆಗೆಯುವ ಜ್ವರ. ಅದಕ್ಕೆ ಚಿಕ್ಕ ಮಕ್ಕಳಿಗೂ ಡಾಕ್ಟರು ಡಾಕ್ಸಿಯ ಚಿಕ್ಕ ಕೋರ್ಸ್ ಕೊಡುತ್ತಾರೆ. ಗರ್ಭಿಣಿಯರಿಗೆ ಅಜಿಥ್ರೊಮೈಸಿನ್.

ವಾಕರಿಕೆ, ಭೇದಿ, ಯೋನಿಯ ಫಂಗಸ್ ತುರಿಕೆ ಸಾಮಾನ್ಯ. ತಡೆಯದ ನೀರುಭೇದಿ, ರಕ್ತ ಬೀಳುವುದು, ಮುಖ ಊದುವುದು, ಉಸಿರು ಕಟ್ಟುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜೋರು ತಲೆನೋವಿನ ಜೊತೆ ಕಣ್ಣು ಮಂಜಾದರೂ ಅಷ್ಟೇ, ತಲೆಬುರುಡೆಯ ಒಳಗೆ ಒತ್ತಡ ಏರಿರಬಹುದು. ಮೊಡವೆಯ ಇನ್ನೊಂದು ಔಷಧಿ ಐಸೊಟ್ರೆಟಿನೊಯಿನ್ ಜೊತೆ ಸೇರಿದರೆ ಈ ಅಪಾಯ ಜಾಸ್ತಿ. ಎರಡನ್ನೂ ಒಟ್ಟಿಗೆ ಕೊಡಬಾರದು. ರಕ್ತ ತೆಳು ಮಾಡುವ ವಾರ್ಫರಿನ್ ನಡೆಯುತ್ತಿದ್ದರೆ ರಕ್ತ ಇನ್ನೂ ತೆಳುವಾಗುತ್ತದೆ. ಮೂರ್ಛೆರೋಗದ ಔಷಧಿಗಳಾದ ಫೆನಿಟಾಯಿನ್, ಕಾರ್ಬಮಾಜೆಪಿನ್ ಡಾಕ್ಸಿಯನ್ನು ಬೇಗ ಖಾಲಿ ಮಾಡುತ್ತವೆ. ಹೆಚ್ಚಿನ ಪಾಲು ಮಲದಲ್ಲಿ ಹೋಗುವುದರಿಂದ ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಇಳಿಸಬೇಕಿಲ್ಲ. ಇದು ವೈವಾದಲ್ಲಿ ಬಂದೇ ಬರುತ್ತದೆ.

ಕೊನೆಯದು ಬಿಸಿಲು. ಡಾಕ್ಸಿ ನಡೆಯುವಾಗ ಚರ್ಮ ಸ್ವಲ್ಪ ಬಿಸಿಲಿಗೇ ಸುಟ್ಟ ಹಾಗೆ ಕೆಂಪಾಗುತ್ತದೆ. ಇಲಿಜ್ವರ ಬರುವುದು ಮಳೆಗಾಲದಲ್ಲಿ, ಆಗ ಎಲ್ಲಿಯ ಬಿಸಿಲು ಅನ್ನಿಸಬಹುದು. ಮೋಡದಲ್ಲೂ ಅಲ್ಟ್ರಾವಯಲೆಟ್ ಕಿರಣ ಇಳಿಯುತ್ತದೆ. ನೆಟ್ಟಿ ಮಾಡುವಾಗ ಗೊರಬೆ ತಲೆ, ಬೆನ್ನು ಮುಚ್ಚುತ್ತದೆ, ಮುಂಗೈ ಮುಚ್ಚುವುದಿಲ್ಲ. ಜ್ವರ ಬಿಟ್ಟ ಮೂರನೇ ದಿನಕ್ಕೇ ಗದ್ದೆಗಿಳಿಯುವವರಿಗೆ ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ ಅಂತ ಹೇಳಬೇಕು. ಮುಂಗೈ ಕೆಂಪಾಗಿದೆಯಾ, ಉಗುರು ನೋಯುತ್ತಾ ಬುಡ ಬಿಟ್ಟು ಏಳುತ್ತಿದೆಯಾ ಅಂತಲೂ ನೋಡಬೇಕು. ಕೆಸರಿನ ಕೈ ತೊಳೆಸಿಯೇ ನೋಡಬೇಕು, ಇಲ್ಲದಿದ್ದರೆ ಕಾಣುವುದಿಲ್ಲ.